ಹವ್ಯಾಸಿ ರೇಡಿಯೋ ಕೇಂದ್ರಕ್ಕೆ ಸ್ಥಳದ ಆಯ್ಕೆ: ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹವ್ಯಾಸಿ ರೇಡಿಯೋ (ಹ್ಯಾಮ್ ರೇಡಿಯೋ) ಕೇಂದ್ರ ಸ್ಥಾಪಿಸಲು ಬಯಸುವವರು ಸಾಮಾನ್ಯವಾಗಿ ಮೊದಲು ಉಪಕರಣದ ಬೆಲೆಯನ್ನು ವಿಚಾರಿಸುತ್ತಾರೆ. ಆಂಟೆನಾ ಎಲ್ಲಿ ನಿಲ್ಲಬೇಕು, ಕೊಠಡಿ ಎಲ್ಲಿರಬೇಕು, ಸಮೀಪದಲ್ಲಿ ವಿದ್ಯುತ್ ಮಾರ್ಗ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಗಳು ಉಪಕರಣ ಮನೆಗೆ ಬಂದ ಮೇಲೆ ಎದುರಾಗುತ್ತವೆ. ಕೇಂದ್ರವು ಎಷ್ಟು ದೂರ ಕೇಳಿಸುತ್ತದೆ ಎಂಬುದನ್ನು ಸ್ಥಳವೇ ಹೆಚ್ಚಾಗಿ ನಿರ್ಧರಿಸುತ್ತದೆ. ತಪ್ಪಾದ ಸ್ಥಳದಲ್ಲಿ ನಿಲ್ಲಿಸಿದ ಕಂಬವು ಹಣದ ನಷ್ಟಕ್ಕೆ ಮಾತ್ರವಲ್ಲದೆ ಪ್ರಾಣಾಪಾಯಕ್ಕೂ ಕಾರಣವಾಗಬಹುದು. ಆದುದರಿಂದ ಉಪಕರಣ ಖರೀದಿಸುವುದಕ್ಕೂ ಅರ್ಜಿಯಲ್ಲಿ ವಿಳಾಸ ನಮೂದಿಸುವುದಕ್ಕೂ ಮುಂಚಿತವಾಗಿ ಸ್ಥಳ ಪರಿಶೀಲನೆ ಪೂರ್ಣಗೊಳಿಸುವುದು ಸೂಕ್ತ.

ಬಹುಪಾಲು ಅರ್ಜಿದಾರರಿಗೆ ಬೇರೆ ನಿವೇಶನ ಆರಿಸಿಕೊಳ್ಳುವ ಅವಕಾಶವಿರುವುದಿಲ್ಲ. ವಾಸದ ಮನೆಯಲ್ಲಿಯೇ ತಾರಸಿಯ ಯಾವ ಮೂಲೆ, ಯಾವ ಕೊಠಡಿ, ಕೇಬಲ್ ಸಾಗುವ ಯಾವ ದಾರಿ ಎಂಬುದನ್ನು ಆರಿಸಿಕೊಳ್ಳಬೇಕಾಗುತ್ತದೆ. ಈ ಪುಟದ ಮಾಹಿತಿಯು ಅಂಥವರನ್ನು ಗಮನದಲ್ಲಿರಿಸಿಕೊಂಡು ಸಿದ್ಧಪಡಿಸಿದುದಾಗಿದೆ.

2. ಪರವಾನಗಿಗೂ ಸ್ಥಳಕ್ಕೂ ಇರುವ ಸಂಬಂಧ

ಹವ್ಯಾಸಿ ರೇಡಿಯೋ ಪರವಾನಗಿ ನೀಡುವ ಅಧಿಕಾರವು ಕೇಂದ್ರ ಸರ್ಕಾರದ ಸಂಚಾರ ಸಚಿವಾಲಯದ ದೂರಸಂಪರ್ಕ ಇಲಾಖೆಗೆ ಸೇರಿದ್ದು, ಅದರ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗವು ಈ ಕಾರ್ಯವನ್ನು ನಿರ್ವಹಿಸುತ್ತದೆ. ಅರ್ಜಿಗಳನ್ನು ಸರಳ್ ಸಂಚಾರ್ ಪೋರ್ಟಲ್ ಮೂಲಕ ಸಲ್ಲಿಸಬೇಕು. ರಾಜ್ಯ ಸರ್ಕಾರದ ಕಚೇರಿಗಳಿಗೆ ಈ ಪರವಾನಗಿ ನೀಡುವ ಅಧಿಕಾರವಿರುವುದಿಲ್ಲ.

ಪರವಾನಗಿಯು ವ್ಯಕ್ತಿಗೆ ಸಂಬಂಧಿಸಿದುದಾದರೂ ಅದರಲ್ಲಿ ಸ್ಥಿರ ಕೇಂದ್ರದ ವಿಳಾಸ ನಮೂದಾಗಿರುತ್ತದೆ. ವಿಳಾಸ ಬದಲಾದಲ್ಲಿ ಪರವಾನಗಿಯಲ್ಲಿಯೂ ತಿದ್ದುಪಡಿ ಮಾಡಿಸಿಕೊಳ್ಳಬೇಕಾಗುತ್ತದೆ. ಬಾಡಿಗೆ ಮನೆಯಲ್ಲಿರುವವರು ಮತ್ತು ವರ್ಗಾವಣೆಯಾಗುವ ನೌಕರರು ಈ ಅಂಶವನ್ನು ಗಮನಿಸತಕ್ಕದ್ದು. ಅಂಥವರು ಬಿಚ್ಚಿ ಸಾಗಿಸಬಹುದಾದ ಹಗುರ ಕಂಬ ಹಾಗೂ ತಂತಿ ಆಂಟೆನಾವನ್ನು ಆರಿಸಿಕೊಳ್ಳುವುದು ಒಳಿತು.

2023ರ ದೂರಸಂಪರ್ಕ ಅಧಿನಿಯಮದ ಮೇರೆಗೆ ಈ ಕ್ಷೇತ್ರದ ನಿಯಮಗಳು ಹಂತ ಹಂತವಾಗಿ ಪರಿಷ್ಕರಣೆಗೆ ಒಳಪಡುತ್ತಿರುವುದರಿಂದ, ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಪೋರ್ಟಲ್‌ನಲ್ಲಿ ಓದಿಕೊಳ್ಳುವುದು ಅವಶ್ಯಕ.

3. ಮೊದಲು ನಿರ್ಧರಿಸಬೇಕಾದ ಅಂಶ: ಯಾರೊಂದಿಗೆ ಸಂಪರ್ಕ?

ಸ್ಥಳವು ಒಳ್ಳೆಯದೋ ಅಲ್ಲವೋ ಎಂಬುದು ಉದ್ದೇಶವನ್ನು ಅವಲಂಬಿಸಿರುತ್ತದೆ. ಉದ್ದೇಶಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಅ) ಊರಿನೊಳಗೆ ಹಾಗೂ ನೆರೆಯ ತಾಲ್ಲೂಕುಗಳೊಂದಿಗೆ ಸಂಪರ್ಕ: ಇದಕ್ಕೆ 144ರಿಂದ 146 ಮೆಗಾಹರ್ಟ್ಸ್ ಪಟ್ಟಿ ಉಪಯುಕ್ತ. ಈ ಅಲೆಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುವುದರಿಂದ ಎತ್ತರ ಹಾಗೂ ಅಡೆತಡೆಯಿಲ್ಲದ ನೋಟ ಮುಖ್ಯವಾಗುತ್ತವೆ.

ಆ) ರಾಜ್ಯದೊಳಗಿನ ಸಂಪರ್ಕ: ಬೆಂಗಳೂರಿನಿಂದ ಮಂಗಳೂರಿಗೆ ನೇರ ದೂರ ಸುಮಾರು 300 ಕಿ.ಮೀ., ಬೀದರ್‌ಗೆ ಸುಮಾರು 550 ಕಿ.ಮೀ. ಹಗಲಿನಲ್ಲಿ ಈ ಅಂತರಕ್ಕೆ 7 ಮೆಗಾಹರ್ಟ್ಸ್ ಪಟ್ಟಿ ಸೂಕ್ತ. ಅಲೆಗಳು ಕಡಿದಾಗಿ ಮೇಲಕ್ಕೆ ಹೋಗಿ ಅಯಾನುಗೋಳದಿಂದ ಹಿಂದಿರುಗುವುದರಿಂದ ನಡುವೆ ಬೆಟ್ಟಗಳಿದ್ದರೂ ಬಾಧಕವಿಲ್ಲ. ರಾತ್ರಿ ಅಯಾನುಗೋಳ ದುರ್ಬಲವಾದಾಗ ಇದೇ ಅಂತರಕ್ಕೆ 3.5 ಮೆಗಾಹರ್ಟ್ಸ್ ಪಟ್ಟಿ ಬೇಕಾಗಬಹುದು.

ಇ) ದೂರದ ದೇಶಗಳೊಂದಿಗೆ ಸಂಪರ್ಕ: ಇದಕ್ಕೆ 14 ಮೆಗಾಹರ್ಟ್ಸ್ ಹಾಗೂ ಅದಕ್ಕಿಂತ ಮೇಲಿನ ಪಟ್ಟಿಗಳಲ್ಲಿ ದಿಗಂತದ ಕಡೆಗೆ ಕಡಿಮೆ ಕೋನದಲ್ಲಿ ಅಲೆಗಳನ್ನು ಕಳುಹಿಸಬೇಕಾಗುತ್ತದೆ.

ವಿಪತ್ತಿನ ಸಂದರ್ಭದಲ್ಲಿ ನೆರವಾಗುವ ಉದ್ದೇಶವುಳ್ಳವರಿಗೆ ಮೊದಲ ಎರಡು ಬಗೆಗಳು ಮುಖ್ಯ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಅಂಡಮಾನಿನ ಅಂದಿನ ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಶ್ರೀ ವಿಜಯಪುರಂ) ತಾತ್ಕಾಲಿಕವಾಗಿ ನಡೆಯುತ್ತಿದ್ದ ಹವ್ಯಾಸಿ ಕೇಂದ್ರವು ಮುಖ್ಯಭೂಮಿಗೆ ಸಂದೇಶಗಳನ್ನು ತಲುಪಿಸಿತು. ಇಂತಹ ಸೇವೆಗೆ ಸಿದ್ಧವಾಗಿರಬೇಕಾದ ಕೇಂದ್ರವು ವಿದ್ಯುತ್ ಹೋದ ಮೇಲೂ ನೀರು ಏರಿದ ಮೇಲೂ ಕೆಲಸ ಮಾಡುವಂತಿರಬೇಕು.

4. ಆಂಟೆನಾಗೆ ಬೇಕಾಗುವ ಜಾಗ

ಹೊಸದಾಗಿ ಪರವಾನಗಿ ಪಡೆದವರಿಗೆ ಅಗ್ಗವೂ ಸುಲಭವೂ ಆದ ಆಂಟೆನಾ ಎಂದರೆ ಅರ್ಧ ತರಂಗಾಂತರದ ತಂತಿ ಡೈಪೋಲ್. 143 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತಂತಿಯ ಒಟ್ಟು ಉದ್ದ ಮೀಟರ್‌ಗಳಲ್ಲಿ ದೊರೆಯುತ್ತದೆ.

– 3.6 ಮೆಗಾಹರ್ಟ್ಸ್: ಸುಮಾರು 39.7 ಮೀಟರ್
– 7.1 ಮೆಗಾಹರ್ಟ್ಸ್: ಸುಮಾರು 20.1 ಮೀಟರ್
– 14.1 ಮೆಗಾಹರ್ಟ್ಸ್: ಸುಮಾರು 10.1 ಮೀಟರ್
– 21.2 ಮೆಗಾಹರ್ಟ್ಸ್: ಸುಮಾರು 6.7 ಮೀಟರ್
– 28.5 ಮೆಗಾಹರ್ಟ್ಸ್: ಸುಮಾರು 5 ಮೀಟರ್

ನಗರಗಳಲ್ಲಿ ಸಾಮಾನ್ಯವಾದ ಮೂವತ್ತು–ನಲವತ್ತು ಅಡಿಯ ನಿವೇಶನವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದರ ಅಳತೆ ಸುಮಾರು 9.1 x 12.2 ಮೀಟರ್; ಮೂಲೆಯಿಂದ ಮೂಲೆಗೆ 15.2 ಮೀಟರ್. 14 ಮೆಗಾಹರ್ಟ್ಸ್‌ನ ಡೈಪೋಲ್ ಕರ್ಣದ ಉದ್ದಕ್ಕೆ ಸಲೀಸಾಗಿ ಹಿಡಿಸುತ್ತದೆ. 7 ಮೆಗಾಹರ್ಟ್ಸ್‌ನ ಡೈಪೋಲ್ ನೇರವಾಗಿ ಹಿಡಿಸುವುದಿಲ್ಲ. ತಾರಸಿಯ ನಡುವೆ 6.5 ಮೀಟರ್ ಕಂಬ ನಿಲ್ಲಿಸಿ, ತಂತಿಯ ಎರಡು ತೋಳುಗಳನ್ನು ಮೂಲೆಗಳ ಕಡೆಗೆ ಇಳಿಜಾರಾಗಿ ತಂದು, ಮೂಲೆಯಲ್ಲಿ ತಾರಸಿಯಿಂದ 2.5 ಮೀಟರ್ ಎತ್ತರದಲ್ಲಿ ಕಟ್ಟಿದರೆ ಪ್ರತಿ ತೋಳಿನ 8.6 ಮೀಟರ್ ಹಿಡಿಸುತ್ತದೆ. ಉಳಿದ ಸುಮಾರು ಒಂದೂವರೆ ಮೀಟರನ್ನು ಪ್ಯಾರಾಪೆಟ್ ಗೋಡೆಗೆ ಸಮಾನಾಂತರವಾಗಿ, ಅದೇ ಎತ್ತರದಲ್ಲಿ, ಒಳಭಾಗಕ್ಕೆ ಬಾಗಿಸಬಹುದು. ಇದರಿಂದ ಕಾರ್ಯಕ್ಷಮತೆ ಹೆಚ್ಚೇನೂ ಕುಗ್ಗುವುದಿಲ್ಲ. ಯಾವುದೇ ಸಂದರ್ಭದಲ್ಲಿಯೂ ತಂತಿಯು ನಿವೇಶನದ ಗಡಿ ದಾಟಿ ರಸ್ತೆಯ ಅಥವಾ ನೆರೆಮನೆಯ ಮೇಲೆ ಹಾಯತಕ್ಕದ್ದಲ್ಲ.

ಪ್ರಸಾರದ ವೇಳೆ ಡೈಪೋಲ್‌ನ ತುದಿಗಳಲ್ಲಿ ಅಧಿಕ ವೋಲ್ಟೇಜ್ ಇರುತ್ತದೆ. ತಾರಸಿಯಲ್ಲಿ ಬಟ್ಟೆ ಒಣಗಿಸುವವರ ಹಾಗೂ ಆಟವಾಡುವ ಮಕ್ಕಳ ಕೈಗೆ ತಂತಿ ಎಟುಕದಂತೆ ಕಟ್ಟತಕ್ಕದ್ದು.

5. ಎತ್ತರ ಮತ್ತು ಭೂಸ್ವರೂಪ

ಮೇಲಿನ ಉದಾಹರಣೆಯ ಮನೆಯೇ 6.5 ಮೀಟರ್ ಎತ್ತರವಿದ್ದಲ್ಲಿ ಆಂಟೆನಾದ ನಡುಭಾಗ ನೆಲದಿಂದ 13 ಮೀಟರ್ ಎತ್ತರದಲ್ಲಿರುತ್ತದೆ. ಇಷ್ಟು ಎತ್ತರದ ಡೈಪೋಲ್ 7 ಮೆಗಾಹರ್ಟ್ಸ್‌ನಲ್ಲಿ ಅಲೆಗಳನ್ನು ಸುಮಾರು 55 ಡಿಗ್ರಿ ಹಾಗೂ ಅದಕ್ಕಿಂತ ಕಡಿದಾದ ಕೋನಗಳಲ್ಲಿ ಕಳುಹಿಸುತ್ತದೆ. ಇದು ರಾಜ್ಯದೊಳಗಿನ ಸಂಪರ್ಕಕ್ಕೆ ಅನುಕೂಲಕರ. ಅದೇ ಎತ್ತರದಲ್ಲಿ 14 ಮೆಗಾಹರ್ಟ್ಸ್‌ನ ಡೈಪೋಲ್ ಸುಮಾರು 25 ಡಿಗ್ರಿ ಕೋನದಲ್ಲಿ ಕಳುಹಿಸುವುದರಿಂದ ದೂರದ ಸಂಪರ್ಕ ಸಾಧ್ಯವಾಗುತ್ತದೆ. ಸಾಮಾನ್ಯ ಎರಡಂತಸ್ತಿನ ಮನೆಯೇ ಎರಡು ಉದ್ದೇಶಗಳಿಗೂ ಸಾಕಾಗುತ್ತದೆ ಎಂಬುದು ಇದರಿಂದ ತಿಳಿದುಬರುತ್ತದೆ.

144 ಮೆಗಾಹರ್ಟ್ಸ್ ಪಟ್ಟಿಗೆ ಲೆಕ್ಕ ಬೇರೆ. ಆಂಟೆನಾದ ಎತ್ತರದ (ಮೀಟರ್) ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಸಮತಟ್ಟಾದ ಪ್ರದೇಶದಲ್ಲಿ ರೇಡಿಯೋ ದಿಗಂತದ ದೂರ ಕಿ.ಮೀ.ಗಳಲ್ಲಿ ದೊರೆಯುತ್ತದೆ. 9 ಮೀಟರ್ ಎತ್ತರಕ್ಕೆ ಇದು 12.4 ಕಿ.ಮೀ.; ಎರಡು ಪಟ್ಟು, ಅಂದರೆ 18 ಮೀಟರ್ ಎತ್ತರಕ್ಕೆ 17.5 ಕಿ.ಮೀ. ಮಾತ್ರ. ಸುತ್ತಲಿನ ಬಯಲಿಗಿಂತ 400 ಮೀಟರ್ ಎತ್ತರದ ಗುಡ್ಡದ ಮೇಲಾದರೆ 82 ಕಿ.ಮೀ. ಕಂಬದ ಎತ್ತರಕ್ಕಾಗಿ ಮಾಡುವ ವೆಚ್ಚಕ್ಕೆ ಒಂದು ಮಿತಿಯ ನಂತರ ತಕ್ಕ ಪ್ರತಿಫಲ ದೊರೆಯುವುದಿಲ್ಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ.

ಮಲೆನಾಡಿನ ಕಣಿವೆಗಳಲ್ಲಿ ವಾಸಿಸುವವರಿಗೆ 144 ಮೆಗಾಹರ್ಟ್ಸ್‌ನ ವ್ಯಾಪ್ತಿ ಮೊಟಕಾಗುತ್ತದೆ. ಅಂಥವರು 7 ಮೆಗಾಹರ್ಟ್ಸ್‌ಗೆ ಆದ್ಯತೆ ನೀಡುವುದು ಸೂಕ್ತ. ಎತ್ತರದ ಆಸೆಯಿಂದ ಗುಡ್ಡದ ಇಳಿಜಾರನ್ನು ಕಡಿದು ಕಂಬಕ್ಕೆ ಜಾಗ ಮಾಡಿಕೊಳ್ಳಬಾರದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳು ಇಳಿಜಾರು ನೆಲದ ಅಪಾಯವನ್ನು ತೋರಿಸಿಕೊಟ್ಟಿವೆ. ಕರಾವಳಿಯವರಿಗೆ ಒಂದು ವಿಶೇಷ ಅನುಕೂಲವಿದೆ: ಸಮುದ್ರದ ಉಪ್ಪುನೀರು ಉತ್ತಮ ವಾಹಕವಾದುದರಿಂದ, ತೀರಕ್ಕೆ ತೀರ ಸಮೀಪದಲ್ಲಿ ನಿಲ್ಲಿಸಿದ ಲಂಬ ಆಂಟೆನಾ ಕಡಲಿನ ದಿಕ್ಕಿಗೆ ಕಡಿಮೆ ಕೋನದಲ್ಲಿ ಚೆನ್ನಾಗಿ ಪ್ರಸಾರ ಮಾಡುತ್ತದೆ. ಆದರೆ ಉಪ್ಪಿನ ಗಾಳಿಗೆ ಕಬ್ಬಿಣದ ಬೋಲ್ಟುಗಳು ಬೇಗ ತುಕ್ಕು ಹಿಡಿಯುವುದರಿಂದ ತುಕ್ಕುರಹಿತ ಉಕ್ಕಿನ ಭಾಗಗಳನ್ನು ಬಳಸಬೇಕಾಗುತ್ತದೆ.

6. ವಿದ್ಯುತ್ ಗದ್ದಲದ ಪರೀಕ್ಷೆ

ಇಂದಿನ ನಗರ ಕೇಂದ್ರಗಳ ಮುಖ್ಯ ತೊಂದರೆ ಗದ್ದಲ. ಎಲ್‌ಇಡಿ ದೀಪಗಳು, ಮೊಬೈಲ್ ಚಾರ್ಜರ್‌ಗಳು, ಯುಪಿಎಸ್ ಮತ್ತು ಸೌರ ಇನ್ವರ್ಟರ್‌ಗಳು, ಲಿಫ್ಟ್‌ಗಳು, ಹಳ್ಳಿಗಳಲ್ಲಿ 11 ಕೆ.ವಿ. ಮಾರ್ಗದ ಬಿರುಕುಬಿಟ್ಟ ಇನ್ಸುಲೇಟರ್‌ಗಳು ರೇಡಿಯೋದಲ್ಲಿ ಸತತವಾದ ಕರಕರ ಶಬ್ದವನ್ನುಂಟುಮಾಡುತ್ತವೆ.

ರೇಡಿಯೋ ಗ್ರಾಹಕದ ಎಸ್-ಮಾಪಕದಲ್ಲಿ ಒಂದು ಹಂತವೆಂದರೆ ಶಕ್ತಿಯಲ್ಲಿ ನಾಲ್ಕು ಪಟ್ಟು. ಒಂದು ಸ್ಥಳದಲ್ಲಿ ಗದ್ದಲವು 3ನೇ ಹಂತದಲ್ಲಿದ್ದು ಇನ್ನೊಂದು ಸ್ಥಳದಲ್ಲಿ 7ನೇ ಹಂತದಲ್ಲಿದ್ದರೆ, ಎರಡನೆಯ ಸ್ಥಳದವರಿಗೆ ಅಷ್ಟೇ ಸ್ಪಷ್ಟವಾಗಿ ಕೇಳಿಸಲು ಎದುರಿನ ಕೇಂದ್ರವು ಸುಮಾರು 250 ಪಟ್ಟು ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಬೇಕಾಗುತ್ತದೆ. ಇದು ಪರವಾನಗಿಯ ಮಿತಿಯೊಳಗೆ ಸಾಧ್ಯವಾಗುವಂಥದ್ದಲ್ಲ. ಕೇಂದ್ರದವರು ತಮ್ಮ ಶಕ್ತಿಯನ್ನು ಎಷ್ಟು ಹೆಚ್ಚಿಸಿಕೊಂಡರೂ ತಮ್ಮ ಕಡೆಯ ಗದ್ದಲ ಕಡಿಮೆಯಾಗುವುದಿಲ್ಲ.

ಪರೀಕ್ಷೆಯ ವಿಧಾನ ಈ ಕೆಳಕಂಡಂತಿದೆ:

1) ಬ್ಯಾಟರಿಯಿಂದ ನಡೆಯುವ ಶಾರ್ಟ್‌ವೇವ್ ರೇಡಿಯೋವೊಂದನ್ನು ತೆಗೆದುಕೊಂಡು 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಯಾವುದೇ ಕೇಂದ್ರವಿಲ್ಲದ ಜಾಗಕ್ಕೆ ಹೊಂದಿಸುವುದು.
2) ತಾರಸಿಯ ನಾಲ್ಕು ಮೂಲೆಗಳು, ಹಿತ್ತಲು, ಉದ್ದೇಶಿತ ಕೊಠಡಿ ಇವುಗಳಲ್ಲಿ ನಿಂತು ಶಬ್ದದ ಪ್ರಮಾಣವನ್ನು ಬರೆದುಕೊಳ್ಳುವುದು.
3) ಮನೆಯ ಮುಖ್ಯ ಸ್ವಿಚ್ ಆರಿಸಿ ಪುನಃ ಕೇಳುವುದು. ಶಬ್ದ ನಿಂತರೆ ಮೂಲವು ಮನೆಯೊಳಗಿದೆ; ಒಂದೊಂದೇ ಉಪಕರಣ ಹಾಕಿ ಅದನ್ನು ಗುರುತಿಸಬಹುದು. ಶಬ್ದ ಮುಂದುವರಿದರೆ ಮೂಲವು ಹೊರಗಿದೆ.
4) ಬೆಳಿಗ್ಗೆ, ಮಧ್ಯಾಹ್ನ, ಹಾಗೂ ಸಂಜೆ 7ರಿಂದ 10 ಗಂಟೆಯ ನಡುವೆ, ಕನಿಷ್ಠ ಮೂರು ದಿನ ಪರೀಕ್ಷೆಯನ್ನು ಪುನರಾವರ್ತಿಸುವುದು. ದೀಪಗಳೆಲ್ಲ ಉರಿಯುವ ಸಂಜೆಯ ಅಳತೆಯನ್ನೇ ಮುಖ್ಯವೆಂದು ಪರಿಗಣಿಸತಕ್ಕದ್ದು.
5) ಒಣ ಹವೆಯಲ್ಲಿ ಜೋರಾಗಿದ್ದು ಮಳೆ ಬಂದಾಗ ನಿಲ್ಲುವ ಶಬ್ದವು ಬಹುತೇಕ ವಿದ್ಯುತ್ ಮಾರ್ಗದ ಸಡಿಲ ಭಾಗದಿಂದ ಬರುವಂಥದ್ದು. ಅಂತಹ ಕಂಬದ ಸಂಖ್ಯೆಯನ್ನು ಗುರುತಿಸಿ ಸಂಬಂಧಿಸಿದ ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ಅಥವಾ 1912 ಸಹಾಯವಾಣಿಗೆ ದೂರು ನೀಡಬಹುದು. ಕಂಬವನ್ನು ಮುಟ್ಟುವುದು, ಅಲುಗಾಡಿಸುವುದು ಅಥವಾ ಬಡಿದು ಪರೀಕ್ಷಿಸುವುದನ್ನು ಕಡ್ಡಾಯವಾಗಿ ನಿಷೇಧಿಸಿದೆ.

ಒಂದೇ ತಾರಸಿಯ ರಸ್ತೆ ಬದಿಯ ಮೂಲೆಗೂ ಹಿಂಬದಿಯ ಮೂಲೆಗೂ ಅಳತೆಯಲ್ಲಿ ಗಣನೀಯ ವ್ಯತ್ಯಾಸ ಕಂಡುಬರಬಹುದು. ಅಳತೆ ಕಡಿಮೆ ಇರುವ ಮೂಲೆಯಲ್ಲಿ ಆಂಟೆನಾ ನಿಲ್ಲಿಸುವುದರಿಂದ ಯಾವುದೇ ಹೆಚ್ಚುವರಿ ವೆಚ್ಚವಿಲ್ಲದೆ ಪ್ರಯೋಜನ ದೊರೆಯುತ್ತದೆ.

7. ವಿದ್ಯುತ್ ಮಾರ್ಗಗಳಿಂದ ಕಾಯ್ದುಕೊಳ್ಳಬೇಕಾದ ಅಂತರ

ಈ ಅಂಶದಲ್ಲಿ ಯಾವುದೇ ರಿಯಾಯಿತಿಗೆ ಅವಕಾಶವಿಲ್ಲವೆಂದು ಅರ್ಜಿದಾರರು ತಿಳಿಯತಕ್ಕದ್ದು. ಲೋಹದ ಕಂಬವನ್ನು ಎತ್ತುವಾಗ ಅಥವಾ ಇಳಿಸುವಾಗ ಅದು ವಾಲಿ ಮೇಲಿನ ವಿದ್ಯುತ್ ತಂತಿಗೆ ತಗುಲಿದರೆ, ಕಂಬ ಹಿಡಿದಿರುವ ಎಲ್ಲರೂ ಏಕಕಾಲದಲ್ಲಿ ಆಘಾತಕ್ಕೊಳಗಾಗುತ್ತಾರೆ.

ಕಂಬವು ಯಾವ ದಿಕ್ಕಿಗೆ ಬಿದ್ದರೂ ವಿದ್ಯುತ್ ತಂತಿಯನ್ನು ಮುಟ್ಟಬಾರದು. ಇದಕ್ಕಾಗಿ ನೆಲದಿಂದ ಆಂಟೆನಾದ ತುದಿಯವರೆಗಿನ ಒಟ್ಟು ಎತ್ತರದ ಕನಿಷ್ಠ ಒಂದೂವರೆ ಪಟ್ಟು ಅಂತರವನ್ನು ಕಾಯ್ದುಕೊಳ್ಳುವುದು ಸುರಕ್ಷಿತ. ತಾರಸಿಯ ಮೇಲಿನ ಕಂಬಕ್ಕೆ ಮನೆಯ ಎತ್ತರವನ್ನೂ ಸೇರಿಸಿ ಲೆಕ್ಕ ಹಾಕತಕ್ಕದ್ದು. ಉದಾಹರಣೆಗೆ, ಮನೆ 6 ಮೀಟರ್, ಕಂಬ 6 ಮೀಟರ್ ಇದ್ದಲ್ಲಿ ಒಟ್ಟು ಎತ್ತರ 12 ಮೀಟರ್. ಅಂತರ 18 ಮೀಟರ್. ಇಷ್ಟು ಅಂತರ ದೊರೆಯದ ನಿವೇಶನಗಳಲ್ಲಿ ಕಂಬದ ಎತ್ತರವನ್ನು ತಗ್ಗಿಸುವುದು, ಕಂಬವನ್ನು ಮನೆಯ ಹಿಂಬದಿಗೆ ಸ್ಥಳಾಂತರಿಸುವುದು ಅಥವಾ ಕಂಬವಿಲ್ಲದೆ ಗೋಡೆಗಳ ನಡುವೆ ತಂತಿ ಕಟ್ಟುವುದು ಪರ್ಯಾಯ ಮಾರ್ಗಗಳು. ಆಂಟೆನಾ ತಂತಿಯನ್ನಾಗಲೀ ಅದರ ಹಗ್ಗವನ್ನಾಗಲೀ ವಿದ್ಯುತ್ ಮಾರ್ಗದ ಮೇಲೆ ಅಥವಾ ಕೆಳಗೆ ಹಾಯಿಸತಕ್ಕದ್ದಲ್ಲ. ಮನೆಗೆ ಬರುವ ಸರ್ವಿಸ್ ತಂತಿಗೂ ಇದು ಅನ್ವಯಿಸುತ್ತದೆ. ವಿದ್ಯುತ್ ಕಂಬವನ್ನು ಆಂಟೆನಾದ ಆಧಾರವಾಗಿ ಬಳಸುವುದು ನಿಷಿದ್ಧ.

8. ಸಿಡಿಲು, ಗಾಳಿ ಮತ್ತು ಮಣ್ಣು

ರಾಜ್ಯದಲ್ಲಿ ಮುಂಗಾರಿಗೆ ಮುನ್ನ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲಿನ ಮಳೆ ಹೆಚ್ಚು. ಕೇಬಲ್ ಮನೆಯೊಳಗೆ ಪ್ರವೇಶಿಸುವ ಜಾಗದ ಸಮೀಪದಲ್ಲಿಯೇ ಅರ್ಥಿಂಗ್ ಸರಳು ಹೂಳಲು ಸ್ಥಳವಿರಬೇಕು. ಆಂಟೆನಾದ ಅರ್ಥಿಂಗನ್ನು ಮನೆಯ ವಿದ್ಯುತ್ ಅರ್ಥಿಂಗ್‌ನೊಂದಿಗೆ ಜೋಡಿಸತಕ್ಕದ್ದು. ಎರಡನ್ನೂ ಬೇರೆ ಬೇರೆಯಾಗಿಟ್ಟರೆ ಸಿಡಿಲಿನ ವೇಳೆ ಅವುಗಳ ನಡುವೆ ಉಂಟಾಗುವ ವೋಲ್ಟೇಜ್ ವ್ಯತ್ಯಾಸವು ಉಪಕರಣದ ಮೂಲಕ ಹಾಯುತ್ತದೆ. ಈ ಕೆಲಸವನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸುವುದು. ಗುಡುಗು ಆರಂಭವಾಗುವ ಮುನ್ನವೇ ಕೇಬಲ್ ಬಿಚ್ಚಿ ಮನೆಯ ಹೊರಗೆ ಹಾಕಲು ಅನುಕೂಲವಿರುವ ಕಿಟಕಿಯನ್ನು ಆರಿಸಿಕೊಳ್ಳುವುದು.

ಭಾರತೀಯ ಮಾನಕ 875ರ ಮೂರನೇ ಭಾಗದ ಪ್ರಕಾರ ವಿನ್ಯಾಸಕ್ಕೆ ಪರಿಗಣಿಸಬೇಕಾದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಮಂಗಳೂರಿನಲ್ಲಿ ಅದೇ ಕಂಬದ ಮೇಲೆ ಸುಮಾರು ಶೇ. 40ರಷ್ಟು ಹೆಚ್ಚು ಒತ್ತಡ ಬೀಳುತ್ತದೆ. ಉತ್ತರ ಕರ್ನಾಟಕದ ಕಪ್ಪು ಎರೆಮಣ್ಣು ಮಳೆಯಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಬಿರಿಯುವುದರಿಂದ ಆಳವಿಲ್ಲದ ತಳಪಾಯದ ಕಂಬ ಕ್ರಮೇಣ ವಾಲುತ್ತದೆ. ಅಲ್ಲಿ ನೆಲದ ಕಂಬಕ್ಕಿಂತ ಗಟ್ಟಿಯಾದ ಗೋಡೆಗೆ ಆಧರಿಸಿದ ಕಂಬ ಮೇಲು. ಓವರ್‌ಹೆಡ್ ಟ್ಯಾಂಕಿನ ಮೇಲೆ ಅಥವಾ ತೆಳುವಾದ ಪ್ಯಾರಾಪೆಟ್ ಗೋಡೆಗೆ ಕಂಬ ಬಿಗಿಯುವುದು ಸೂಕ್ತವಲ್ಲ.

9. ಕೊಠಡಿ ಮತ್ತು ಕೇಬಲ್‌ನ ಉದ್ದ

ಆಂಟೆನಾಗೂ ಕೊಠಡಿಗೂ ಇರುವ ಅಂತರ ಹೆಚ್ಚಿದಷ್ಟೂ ಕೇಬಲ್‌ನಲ್ಲಿ ಶಕ್ತಿ ನಷ್ಟವಾಗುತ್ತದೆ. 30 ಮೀಟರ್ ಆರ್‌ಜಿ-58 ಕೇಬಲ್‌ನಲ್ಲಿ 145 ಮೆಗಾಹರ್ಟ್ಸ್‌ನ ಶಕ್ತಿಯ ಸುಮಾರು ಕಾಲು ಭಾಗ ಮಾತ್ರ ಆಂಟೆನಾ ತಲುಪುತ್ತದೆ. ದಪ್ಪನಾದ ಆರ್‌ಜಿ-213 ಕೇಬಲ್‌ನಲ್ಲಿ ಸುಮಾರು ಅರ್ಧ ಭಾಗ ತಲುಪುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಬಳಸಿದರೂ ಮುಕ್ಕಾಲು ಭಾಗ ತಲುಪುತ್ತದೆ. ಆದುದರಿಂದ 144 ಮೆಗಾಹರ್ಟ್ಸ್ ಬಳಸುವವರು ಮೇಲಂತಸ್ತಿನ ಕೊಠಡಿಯನ್ನು ಆರಿಸಿಕೊಳ್ಳುವುದು ಲಾಭದಾಯಕ. ನದಿ, ಕೆರೆ ಅಥವಾ ರಾಜಕಾಲುವೆಯ ಸಮೀಪದ ಮನೆಗಳಲ್ಲಿ ಬ್ಯಾಟರಿ ಮತ್ತು ಉಪಕರಣಗಳನ್ನು ನೆಲಮಹಡಿಯಲ್ಲಿ ಇರಿಸಬಾರದು. ಬ್ಯಾಟರಿ ಇರಿಸುವ ಜಾಗದಲ್ಲಿ ಗಾಳಿಯಾಡುವಂತಿರಬೇಕು.

10. ಪಡೆಯಬೇಕಾದ ಒಪ್ಪಿಗೆಗಳು

ಬಾಡಿಗೆದಾರರು ಮಾಲೀಕರಿಂದಲೂ, ಅಪಾರ್ಟ್‌ಮೆಂಟ್ ನಿವಾಸಿಗಳು ಮಾಲೀಕರ ಸಂಘದಿಂದಲೂ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಳ್ಳುವುದು ಒಳಿತು. ಅಪಾರ್ಟ್‌ಮೆಂಟ್‌ನ ತಾರಸಿಯು ಸಾಮಾನ್ಯವಾಗಿ ಎಲ್ಲ ಮಾಲೀಕರ ಸಾಮೂಹಿಕ ಪ್ರದೇಶವಾಗಿರುತ್ತದೆ. ಎತ್ತರದ ಕಂಬದ ವಿಷಯದಲ್ಲಿ ಸ್ಥಳೀಯ ಸಂಸ್ಥೆಯ ಕಟ್ಟಡ ಉಪವಿಧಿಗಳನ್ನು ವಿಚಾರಿಸತಕ್ಕದ್ದು. ಅರಣ್ಯ ಭೂಮಿಯಲ್ಲಿರುವ ಗುಡ್ಡಗಳಲ್ಲಿ ತಾತ್ಕಾಲಿಕ ಕೇಂದ್ರ ನಡೆಸಲು ಅರಣ್ಯ ಇಲಾಖೆಯ ಅನುಮತಿ ಬೇಕು.

ವಿಮಾನ ನಿಲ್ದಾಣಗಳ ಸುತ್ತ 2015ರ ಎತ್ತರ ನಿರ್ಬಂಧ ನಿಯಮಗಳು ಅನ್ವಯಿಸುತ್ತವೆ. ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ಪ್ರಕಟಿಸಿರುವ ಬಣ್ಣಗಳ ವಲಯ ನಕ್ಷೆಯಲ್ಲಿ ನಿವೇಶನವು ಯಾವ ವಲಯದಲ್ಲಿದೆ ಎಂಬುದನ್ನು ನೋಡಿಕೊಳ್ಳಬಹುದು. ಎತ್ತರವನ್ನು ಸಮುದ್ರಮಟ್ಟದಿಂದ ಲೆಕ್ಕ ಹಾಕಲಾಗುತ್ತದೆ. ಕಟ್ಟಡದ ಮೇಲಿನ ಕಂಬ ಮತ್ತು ಆಂಟೆನಾಗಳೂ ಅದರಲ್ಲಿ ಸೇರುತ್ತವೆ. ರಕ್ಷಣಾ ಇಲಾಖೆಯ ವಿಮಾನ ನೆಲೆಗಳ ಸುತ್ತ ಆ ಇಲಾಖೆಯ ಅಧಿಕಾರಿಗಳ ಅನುಮತಿ ಅವಶ್ಯಕ.

11. ಪರಿಶೀಲನಾ ಪಟ್ಟಿ

ಅರ್ಜಿ ಸಲ್ಲಿಸುವ ಮುನ್ನ ಈ ಕೆಳಕಂಡ ವಿವರಗಳು ಸಿದ್ಧವಿರುವುದು ಅಪೇಕ್ಷಣೀಯ:

– ಸಂಪರ್ಕದ ಉದ್ದೇಶ ಮತ್ತು ಅದಕ್ಕೆ ಬೇಕಾದ ಆವರ್ತನ ಪಟ್ಟಿ
– ತಾರಸಿಯ ಅಳತೆ, ಮನೆಯ ಎತ್ತರ, ಸ್ಥಳದ ಅಕ್ಷಾಂಶ ಮತ್ತು ರೇಖಾಂಶ
– ಅತಿ ಸಮೀಪದ ವಿದ್ಯುತ್ ತಂತಿಗೆ ಇರುವ ಅಂತರ
– ಮೂರು ದಿನಗಳ ಗದ್ದಲ ಪರೀಕ್ಷೆಯ ಟಿಪ್ಪಣಿ
– ಅರ್ಥಿಂಗ್‌ಗೆ ಗುರುತಿಸಿದ ಜಾಗ ಮತ್ತು ಕೇಬಲ್‌ನ ಉದ್ದ
– ಮಾಲೀಕರ ಅಥವಾ ಸಂಘದ ಒಪ್ಪಿಗೆ ಪತ್ರ

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಾರಸಿ ಬಳಸಲು ಸಂಘದವರು ಒಪ್ಪದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಬಾಲ್ಕನಿಯಲ್ಲಿ 144 ಮೆಗಾಹರ್ಟ್ಸ್‌ನ ಅರ್ಧ ಮೀಟರ್ ಉದ್ದದ ಲಂಬ ಆಂಟೆನಾವನ್ನು ಬಳಸಬಹುದು. ಕಟ್ಟಡವು ಒಂದು ಬದಿಯನ್ನು ಮರೆಮಾಡುವುದರಿಂದ ಎದುರಿನ ದಿಕ್ಕಿಗೆ ಮಾತ್ರ ಉತ್ತಮ ಸಂಪರ್ಕ ದೊರೆಯುತ್ತದೆ.

ಪ್ರಶ್ನೆ: ಮರಕ್ಕೆ ತಂತಿ ಕಟ್ಟಬಹುದೇ?
ಉತ್ತರ: ಸ್ವಂತ ಜಾಗದ ಮರಕ್ಕೆ ಕಟ್ಟಬಹುದು. ಗಾಳಿಗೆ ಮರ ತೂಗುವಾಗ ತಂತಿ ತುಂಡಾಗದಂತೆ ಹಗ್ಗವನ್ನು ಸಡಿಲವಾಗಿ ಬಿಡಬೇಕು. ತೆಂಗಿನ ಮರಕ್ಕೆ ಕಟ್ಟುವಾಗ ಗರಿ ಮತ್ತು ಕಾಯಿ ಬೀಳುವ ದಿಕ್ಕನ್ನು ಗಮನಿಸಬೇಕು.

ಪ್ರಶ್ನೆ: ಸ್ಥಳ ಪೂರ್ಣವಾಗಿ ಅನುಕೂಲಕರವಾಗಿಲ್ಲದಿದ್ದರೆ ಅರ್ಜಿ ಕೈಬಿಡಬೇಕೇ?
ಉತ್ತರ: ಅವಶ್ಯಕತೆಯಿಲ್ಲ. ವಿದ್ಯುತ್ ಮಾರ್ಗದಿಂದ ಸುರಕ್ಷಿತ ಅಂತರ ಹಾಗೂ ಸರಿಯಾದ ಅರ್ಥಿಂಗ್ ಸಾಧ್ಯವಿಲ್ಲದ ಕಡೆ ಮಾತ್ರ ಕಂಬ ನಿಲ್ಲಿಸಬಾರದು. ಉಳಿದ ಕೊರತೆಗಳನ್ನು ಆಂಟೆನಾದ ಆಯ್ಕೆಯಿಂದ ಬಹುಮಟ್ಟಿಗೆ ಸರಿದೂಗಿಸಬಹುದು.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ಪರವಾನಗಿ, ಶುಲ್ಕ ಹಾಗೂ ಎತ್ತರದ ಮಿತಿಗಳ ವಿಷಯದಲ್ಲಿ ಸಂಬಂಧಿಸಿದ ಪ್ರಾಧಿಕಾರಗಳ ಅಧಿಸೂಚನೆಗಳೇ ಅಂತಿಮವಾಗಿರುತ್ತವೆ.